ಮನೆಯಲ್ಲಿ ಆರ್ಕಿಡ್: ಬೇರಿನ ಆರೈಕೆಯಿಂದ ಮರಿ ಗಿಡದವರೆಗೆ

ನರ್ಸರಿಯಿಂದ ಹೂವಿನ ಸಮೇತ ತಂದ ಆರ್ಕಿಡ್ ಗಿಡ ಹೂ ಉದುರಿದ ಕೆಲವು ತಿಂಗಳಲ್ಲೇ ಸೊರಗಿ ಸತ್ತರೆ, ನೀರು ಸಾಲದೆ ಸತ್ತದ್ದು ಅಪರೂಪ. ನೀರು ಹೆಚ್ಚಾಗಿ ಬೇರು ಕೊಳೆತು ಸತ್ತದ್ದೇ ಹೆಚ್ಚು. ಮನೆಯಲ್ಲಿ ಬೆಳೆಸುವ ಫೆಲನಾಪ್ಸಿಸ್, ಡೆಂಡ್ರೋಬಿಯಂ, ವಾಂಡಾ ಮುಂತಾದವು ಮೂಲತಃ ಮರದ ಕೊಂಬೆಗಳನ್ನು ಅಪ್ಪಿಕೊಂಡು ಬದುಕುವ ಸಸ್ಯಗಳು. ಬಂದಳಿಕೆಯ ಹಾಗೆ ಅವು ಮರದ ರಸವನ್ನು ಹೀರುವುದಿಲ್ಲ. ಮಳೆನೀರನ್ನೂ ತೊಗಟೆಯ ಸಂದಿನಲ್ಲಿ ಕೊಳೆತ ತರಗೆಲೆಯ ಸಾರವನ್ನೂ ಗಾಳಿಗೆ ತೆರೆದ ಬೇರುಗಳಿಂದಲೇ ಪಡೆಯುತ್ತವೆ. ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ಅರಳುವ ಸೀತಾಳೆದಂಡೆ ಎಂಬ ಕಾಡು ಆರ್ಕಿಡ್ ಅನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ: ದಿನವಿಡೀ ಮಳೆಯಲ್ಲಿ ತೊಯ್ದರೂ ಅದರ ಬೇರಿನ ಸುತ್ತ ನೀರು ನಿಲ್ಲುವುದಿಲ್ಲ. ಆ ಸ್ಥಿತಿಯನ್ನು ಕುಂಡದೊಳಗೆ ಒದಗಿಸುವುದೇ ಆರ್ಕಿಡ್ ಬೆಳೆಸುವವರ ಮುಖ್ಯ ಕೆಲಸ.

ಗಿಡವನ್ನು ಕೊಳ್ಳುವ ಮೊದಲು ನಿಮ್ಮ ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೆಲನಾಪ್ಸಿಸ್ ಹೂದಂಡು ಬಿಡಬೇಕಾದರೆ ಕೆಲವು ವಾರಗಳ ಕಾಲ ತಾಪಮಾನ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಬೆಂಗಳೂರು, ಮೈಸೂರು, ಮಡಿಕೇರಿಗಳ ಚಳಿಗಾಲ ಇದನ್ನು ತಾನಾಗಿಯೇ ಒದಗಿಸುತ್ತದೆ. ಮಂಗಳೂರು, ಉಡುಪಿಗಳಲ್ಲಿ ಚಳಿಗಾಲದ ಹಗಲೂ ಬಿಸಿಯಾಗಿರುವುದರಿಂದ ಅದೇ ಗಿಡ ಎಲೆ ಬಿಡುತ್ತಾ ಚೆನ್ನಾಗಿ ಬದುಕಿದರೂ ಹೂ ಬಿಡಲು ಸತಾಯಿಸುತ್ತದೆ. ಕರಾವಳಿಯವರು ಬಿಸಿ ಮತ್ತು ತೇವ ಎರಡನ್ನೂ ಇಷ್ಟಪಡುವ ಡೆಂಡ್ರೋಬಿಯಂ ಸಂಕರ ತಳಿಗಳಿಂದ ಆರಂಭಿಸುವುದು ಉತ್ತಮ. ಮೊದಲ ಸಲ ಬೆಳೆಸುವವರಿಗೆ, ಊರು ಯಾವುದೇ ಇರಲಿ, ನಾನು ಸೂಚಿಸುವುದೂ ಅದನ್ನೇ. ಕಾಡಿನ ಮರದಿಂದ ಕಿತ್ತು ತಂದು ಮಾರುವ ಗಿಡಗಳನ್ನು ಮಾತ್ರ ಯಾವ ಬೆಲೆಗೂ ಕೊಳ್ಳಬಾರದು. ಅವು ಕುಂಡದಲ್ಲಿ ಬದುಕುವುದು ಕಡಿಮೆ, ಕಿತ್ತ ಕೊಂಬೆಯ ಮೇಲೆ ಮತ್ತೆ ಹುಟ್ಟುವುದು ಇನ್ನೂ ಕಡಿಮೆ.

ಆರ್ಕಿಡ್‌ನ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆಯೊಂದಿರುತ್ತದೆ. ಒಣಗಿದಾಗ ಅದು ಬೂದು ಮಿಶ್ರಿತ ಬೆಳ್ಳಿಯ ಬಣ್ಣಕ್ಕಿರುತ್ತದೆ. ನೀರು ತಾಗಿದೊಡನೆ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣತೊಡಗುತ್ತದೆ. ನೀರು ಹಾಕುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸುವ ಬದಲು ಈ ಬಣ್ಣವನ್ನು ನೋಡಿಯೇ ನಿರ್ಧರಿಸಬೇಕು, ಏಕೆಂದರೆ ಏಪ್ರಿಲ್‌ನಲ್ಲಿ ಎರಡು ದಿನಕ್ಕೆ ಒಣಗುವ ಕುಂಡ ಜುಲೈನಲ್ಲಿ ಹತ್ತು ದಿನವಾದರೂ ಒದ್ದೆಯಾಗಿಯೇ ಇರಬಹುದು. ಆರೋಗ್ಯವಂತ ಬೇರನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಮೆತ್ತಗೆ ಕಂದುಬಣ್ಣಕ್ಕೆ ತಿರುಗಿರುತ್ತದೆ, ಎಳೆದರೆ ಮೇಲಿನ ಹೊದಿಕೆ ಜಾರಿಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಅಂಥ ಬೇರುಗಳನ್ನೆಲ್ಲ ಕತ್ತರಿಸಿ ತೆಗೆಯಬೇಕು.

ಆರ್ಕಿಡ್‌ಗೆ ಮಣ್ಣು ಬೇಡ. ತೆಂಗಿನಸಿಪ್ಪೆಯ ತುಂಡು, ಇದ್ದಿಲು, ಹೆಂಚು ಅಥವಾ ಇಟ್ಟಿಗೆಯ ಚೂರುಗಳ ಮಿಶ್ರಣ ನಮ್ಮಲ್ಲಿ ಸುಲಭವಾಗಿ ಸಿಗುವ, ಸಾಕಷ್ಟು ಗಾಳಿಯಾಡುವ ಮಾಧ್ಯಮ. ಸಿಪ್ಪೆಯಲ್ಲಿ ಉಪ್ಪು ಮತ್ತು ಒಗರಿನ ಅಂಶ ಇರುವುದರಿಂದ ಅದನ್ನು ಕೆಲವು ದಿನ ನೀರಿನಲ್ಲಿ ನೆನೆಸಿಟ್ಟು, ದಿನವೂ ನೀರು ಬದಲಿಸಿ, ಬಸಿಯುವ ನೀರಿನ ಕಂದುಬಣ್ಣ ತಿಳಿಯಾದ ಮೇಲೆಯೇ ಬಳಸಬೇಕು. ಮಳೆ ಹೆಚ್ಚಿರುವ ಕಡೆ ಇದ್ದಿಲು ಮತ್ತು ಹೆಂಚಿನ ಪಾಲು ಹೆಚ್ಚಿರಲಿ. ಕಲಬುರಗಿ, ರಾಯಚೂರಿನಂಥ ಒಣ ಹವೆಯಲ್ಲಿ ಸಿಪ್ಪೆಯ ಪಾಲು ಹೆಚ್ಚಿರಲಿ. ಅಂಗಡಿಯಿಂದ ಬರುವ ಫೆಲನಾಪ್ಸಿಸ್ ಗಿಡಗಳ ಬೇರಿನ ನಡುವೆ, ಸಸಿಯ ಕಾಲದಿಂದಲೂ ಉಳಿದ ಪಾಚಿಯ ಉಂಡೆಯೋ ಚಿಕ್ಕ ಪ್ಲಾಸ್ಟಿಕ್ ಬುಟ್ಟಿಯೋ ಹಲವು ಸಲ ಸಿಕ್ಕಿಕೊಂಡಿರುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಆ ಉಂಡೆ ನೀರು ಹಿಡಿದುಕೊಂಡೇ ಇರುತ್ತದೆ. ಹೂ ಮುಗಿದೊಡನೆ ಗಿಡವನ್ನು ಹೊರತೆಗೆದು, ಅದನ್ನು ನಾಜೂಕಾಗಿ ಬಿಡಿಸಿ, ಬದಿಗಳಲ್ಲೂ ತೂತುಗಳಿರುವ ಕುಂಡಕ್ಕೆ ಬದಲಿಸಬೇಕು. ಕುಂಡ ದೊಡ್ಡದಾದಷ್ಟೂ ಒಳಗೆ ತೇವ ನಿಲ್ಲುತ್ತದೆ; ಆದ್ದರಿಂದ ಬೇರು ಹಿಡಿಸುವಷ್ಟೇ ಅಗಲದ ಕುಂಡ ಸಾಕು.

ನೀರನ್ನು ಬೆಳಿಗ್ಗೆಯೇ ಕೊಡಬೇಕು, ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಕೊಡಬೇಕು. ಫೆಲನಾಪ್ಸಿಸ್‌ನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ, ಒಮ್ಮೆ ಸುಳಿ ಹೋದರೆ ಆ ಗಿಡಕ್ಕೆ ಮೇಲಕ್ಕೆ ಬೆಳೆಯುವ ದಾರಿಯಿಲ್ಲ. ಹಾಗಾಗಿ ಅಲ್ಲಿ ನಿಂತ ನೀರನ್ನು ಹತ್ತಿಯಿಂದಲೋ ಕಾಗದದಿಂದಲೋ ಒತ್ತಿ ತೆಗೆಯಿರಿ. ಮಳೆನೀರಿಗಿಂತ ಒಳ್ಳೆಯ ನೀರು ಆರ್ಕಿಡ್‌ಗೆ ಬೇರೆ ಇಲ್ಲ. ಕೊಳವೆಬಾವಿಯ ಗಡಸು ನೀರಿನಿಂದ ಬೇರಿನ ಮೇಲೂ ಕುಂಡದ ಅಂಚಿನಲ್ಲೂ ಬಿಳಿಯ ಲವಣ ಕಟ್ಟುತ್ತದೆ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರಂತೂ ಇನ್ನೂ ಹೆಚ್ಚು ಲವಣಯುಕ್ತವಾದದ್ದರಿಂದ ಅದನ್ನು ಬಳಸಲೇಬಾರದು. ಗೊಬ್ಬರಕ್ಕೆ, ಬೆಳವಣಿಗೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಒಂದು ಲೀಟರ್ ನೀರಿಗೆ ಸುಮಾರು ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಕರಗಿಸಿ, ಮೊದಲು ಬರಿಯ ನೀರಿನಿಂದ ನೆನೆಸಿದ ಬೇರುಗಳಿಗೆ ಕೊಟ್ಟರೆ ಸಾಕಾಗುತ್ತದೆ.

ಬೆಳಕಿನ ವಿಷಯವನ್ನು ಎಲೆಯೇ ಹೇಳುತ್ತದೆ. ಕಡುಹಸಿರು ಎಲೆ ಬೆಳಕು ಸಾಲದೆಂಬುದರ, ಹಳದಿಗೆ ತಿರುಗಿದ ಎಲೆ ಬಿಸಿಲು ಹೆಚ್ಚಾಯಿತೆಂಬುದರ ಸೂಚನೆ; ತಿಳಿಹಸಿರೇ ಸರಿಯಾದ ಬಣ್ಣ. ಫೆಲನಾಪ್ಸಿಸ್‌ಗೆ ಪೂರ್ವದಿಕ್ಕಿನ ಕಿಟಕಿ ಸಾಕು. ಡೆಂಡ್ರೋಬಿಯಂಗೆ ಶೇಕಡಾ 50ರ ನೆರಳುಪರದೆ ಕಟ್ಟಿದ ಬಾಲ್ಕನಿ ಬೇಕು. ಹಿಟ್ಟುತಿಗಣೆ ಕಂಡರೆ ಹತ್ತಿಯಿಂದ ಒರೆಸಿ ತೆಗೆದು, ಸಂಜೆಯ ಹೊತ್ತು ಬೇವಿನೆಣ್ಣೆಯ ದ್ರಾವಣವನ್ನು ಸಿಂಪಡಿಸಬಹುದು.

ಇನ್ನು ಗಿಡವನ್ನು ಹೆಚ್ಚಿಸುವ ಬಗೆ. ಡೆಂಡ್ರೋಬಿಯಂನ ಹಳೆಯ ಕಾಂಡಗಳು ಎಲೆ ಉದುರಿ ಬೋಳಾದಾಗ ಸತ್ತವೆಂದು ತಿಳಿದು ಕತ್ತರಿಸುವವರು ಬಹಳ. ಹಾಗೆ ಮಾಡಬಾರದು, ಹಸಿರಾಗಿ ಗಟ್ಟಿಯಾಗಿರುವವರೆಗೆ ಅವು ಗಿಡದ ನೀರು ಮತ್ತು ಆಹಾರದ ಸಂಗ್ರಹಗಳು, ಅವುಗಳ ಗೆಣ್ಣಿನಿಂದಲೇ ಮರಿ ಗಿಡಗಳೂ ಹುಟ್ಟುತ್ತವೆ. ಮರಿಗೆ ಎರಡು ಮೂರು ಎಲೆ ಮೂಡಿ, ಬೇರುಗಳು ಎರಡು ಅಂಗುಲದಷ್ಟು ಬೆಳೆಯುವವರೆಗೆ ತಾಯಿಗಿಡದಲ್ಲಿಯೇ ಬಿಡಿ. ಅನಂತರ ಹರಿತವಾದ ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ, ಆರಿಸಿ, ಬುಡದಲ್ಲಿ ಕತ್ತರಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ವೈರಸ್ ಹರಡುವುದು ಬಹುಮಟ್ಟಿಗೆ ಇಂಥ ಉಪಕರಣಗಳ ಮೂಲಕವೇ ಆದ್ದರಿಂದ ಪ್ರತಿ ಗಿಡಕ್ಕೂ ಬ್ಲೇಡನ್ನು ಮತ್ತೆ ಕಾಯಿಸಬೇಕಾಗುತ್ತದೆ. ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು, ಆದರೆ ಅದು ಬೇರನ್ನು ಒಣಗಿಸುವುದರಿಂದ ಬೇರಿಗೆ ತಾಗದಂತೆ ನೋಡಿಕೊಳ್ಳಿ. ಮರಿಯನ್ನು ಅಲುಗಾಡದಂತೆ ಕಡ್ಡಿಗೆ ಕಟ್ಟಿ ಚಿಕ್ಕ ಕುಂಡದಲ್ಲಿ ನೆಡಬೇಕು, ಏಕೆಂದರೆ ಅಲುಗಾಡುವ ಗಿಡದ ಹೊಸ ಬೇರಿನ ತುದಿ ಮಾಧ್ಯಮಕ್ಕೆ ಉಜ್ಜಿ ಮುರಿಯುತ್ತದೆ.

ಕುಂಡ ತುಂಬಿದ ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂಗಳನ್ನು ವಿಭಾಗಿಸಿಯೂ ಹೆಚ್ಚಿಸಬಹುದು. ಒಂದೊಂದು ಭಾಗದಲ್ಲಿ ಕನಿಷ್ಠ ಮೂರು ಕಾಂಡಗಳಿರಬೇಕು. ಆಸೆಗೆ ಬಿದ್ದು ಒಂದೊಂದೇ ಕಾಂಡವನ್ನು ಬೇರ್ಪಡಿಸಿದರೆ ಹೂವಿಗಾಗಿ ವರ್ಷಗಳು ಕಾಯಬೇಕಾಗುತ್ತದೆ. ಬುಡದಲ್ಲಿ ಹೊಸ ಚಿಗುರಿನ ಬೇರುಗಳು ಇಣುಕುವ ಹೊತ್ತೇ ಇದಕ್ಕೆ ಸೂಕ್ತ. ಒಂದೇ ಕಾಂಡವಾಗಿ ಬೆಳೆಯುವ ಫೆಲನಾಪ್ಸಿಸ್‌ಗೆ ಈ ಕ್ರಮ ಒಗ್ಗುವುದಿಲ್ಲ. ಅದರ ಹೂದಂಡಿನ ಗೆಣ್ಣಿನಲ್ಲಿ ಕೆಲವೊಮ್ಮೆ ಮರಿ ಹುಟ್ಟುವುದುಂಟು; ಚಿಗುರೊಡೆಸುವ ಸೈಟೊಕೈನಿನ್ ಹಾರ್ಮೋನಿನ ಮುಲಾಮನ್ನು ಗೆಣ್ಣಿನ ಪೊರೆ ಬಿಡಿಸಿ ಹಚ್ಚಿ ಪ್ರಯತ್ನಿಸಬಹುದಾದರೂ ದುರ್ಬಲ ಗಿಡದ ಮೇಲೆ ಆ ಒತ್ತಡ ಹೇರುವುದು ನನಗೆ ಸರಿಕಾಣದು.

ಬೀಜದಿಂದ ಮನೆಯಲ್ಲಿ ಸಸಿ ಮಾಡಲಾಗದು. ಧೂಳಿನಂಥ ಆ ಬೀಜದಲ್ಲಿ ಆಹಾರದ ಸಂಗ್ರಹವೇ ಇಲ್ಲದ ಕಾರಣ ನಿಸರ್ಗದಲ್ಲಿ ಅದು ಮೊಳೆಯಲು ನಿರ್ದಿಷ್ಟ ಶಿಲೀಂಧ್ರದ ನೆರವು ಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಅದು ಪ್ರಯೋಗಾಲಯದ ಕೆಲಸವಾಯಿತು. ಆದರೆ ಹೀಗೆ ಬೆಳೆಸಿದ, ಬಾಟಲಿಯೊಳಗಿನ ಸಸಿಗಳನ್ನು ಕೊಂಡು ಮನೆಯಲ್ಲಿ ಮುಂದುವರಿಸಬಹುದು. ಉಗುರು ಬೆಚ್ಚಗಿನ ನೀರಿನಲ್ಲಿ ಬೇರಿಗಂಟಿದ ಅಗರ್ (ಬಾಟಲಿಯಲ್ಲಿ ಸಸಿ ಬೆಳೆಸಿದ ಲೋಳೆಯಂಥ ಮಾಧ್ಯಮ) ಅನ್ನು ಸ್ವಲ್ಪವೂ ಉಳಿಯದಂತೆ ತೊಳೆಯಿರಿ. ಉಳಿದರೆ ಅದರಲ್ಲಿನ ಸಕ್ಕರೆಗೆ ಬೂಸ್ಟು ಹಿಡಿಯುತ್ತದೆ. ಹಿಂಡಿ ತೆಗೆದ ಸ್ಫ್ಯಾಗ್ನಂ ಪಾಚಿಯ ಮೇಲೆ ಹಲವು ಸಸಿಗಳನ್ನು ಒಟ್ಟಿಗೆ ನೆಟ್ಟು, ಪಾರದರ್ಶಕ ಮುಚ್ಚಳದ ಡಬ್ಬಿಯಲ್ಲಿ ನೆರಳಿಗಿಡಿ. ದಿನದಿನಕ್ಕೂ ಮುಚ್ಚಳವನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತಾ ಹೊರಗಿನ ಗಾಳಿಗೆ ಒಗ್ಗಿಸಿ, ಹೊಸ ಬೇರಿನ ಹಸಿರು ತುದಿ ಕಂಡ ಮೇಲೆಯೇ ಗೊಬ್ಬರದ ನೀರನ್ನು ಆರಂಭಿಸಿ.