50 ಗ್ರಾಂ ಕಪ್ಪು, 300 ಗ್ರಾಂ ಕಿತ್ತಳೆ: ಹಬ್ಬಕ್ಕೆ ಕ್ಯಾವಿಯರ್ ಹೊಂದಿಸಿದ ಬಗೆ

ಮೊದಲ ವರ್ಷ ನನ್ನನ್ನು ಮೋಸಗೊಳಿಸಿದ್ದು ಬಣ್ಣ. ಕಪಾಟಿನಲ್ಲಿ ಸಣ್ಣ ಗಾಜಿನ ಶೀಶೆ, ಒಳಗೆ ಮಿನುಗುವ ಕಪ್ಪು ಕಾಳು, ಬೆಲೆ ಕೈಗೆಟುಕುವಂಥದ್ದು. ಕ್ಯಾವಿಯರ್ ಎಂದರೆ ಉಪ್ಪು ಹಾಕಿದ ಮೀನಿನ ತತ್ತಿ, ಅದು ಕಪ್ಪಗಿರುತ್ತದೆ ಎಂಬುದರಾಚೆ ನನಗೇನೂ ತಿಳಿದಿರಲಿಲ್ಲ. ಹಬ್ಬದ ಸಂಜೆ ಬೇಯಿಸಿದ ಮೊಟ್ಟೆಯ ಹೋಳುಗಳಿಗೆ ಹುಳಿ ಕ್ರೀಮ್ ಸವರಿ, ಮೇಲೆ ಈ ಕಾಳುಗಳನ್ನಿಟ್ಟು ಮೇಜಿಗೆ ತರುವಷ್ಟರಲ್ಲಿ ಕ್ರೀಮಿನ ಮೇಲೆ ಶಾಯಿ ಚೆಲ್ಲಿದಂತಾಗಿತ್ತು. ಶೀಶೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿದ್ದು ಆಮೇಲೆ: ಲಂಪ್‌ಫಿಶ್ ಮೀನಿನ ತತ್ತಿ, ಉಪ್ಪು, ಬಣ್ಣ. ಅದು ಕೆಟ್ಟ ಪದಾರ್ಥವೇನಲ್ಲ. ಜರಡಿಯಲ್ಲಿ ಹಾಕಿ ತಣ್ಣೀರಿನಲ್ಲಿ ತೊಳೆದು, ನೀರನ್ನು ಪೂರ್ತಿ ಬಸಿದು, ಬಡಿಸುವ ಕ್ಷಣದಲ್ಲಿ ಇಟ್ಟರೆ ಬಣ್ಣ ಅಷ್ಟಾಗಿ ಬಿಡುವುದಿಲ್ಲ. ಆದರೆ ಬಾಯಿಗೆ ಸಿಗುವುದು ಬಹುಮಟ್ಟಿಗೆ ಉಪ್ಪು ಮಾತ್ರ.

ಎರಡನೆಯ ವರ್ಷ ಹಠಕ್ಕೆ ಬಿದ್ದು 'ಬೆಲುಗಾ' ಎಂಬ ದುಬಾರಿ ಕ್ಯಾವಿಯರ್‌ನ ಬೆನ್ನು ಹತ್ತಿದೆ. ಅಗ್ಗದ ಬೆಲುಗಾ ಸಿಕ್ಕಿಯೂ ಸಿಕ್ಕಿತು! ಮಾರಿದವರ ಹೆಸರು ಬೇಡ. ಬಂದ ಡಬ್ಬಿಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದವು, ಮೀನಿನ ವಿವರ ಇರಲಿಲ್ಲ. ಜೊತೆಗಿಟ್ಟ ಐಸ್ ಪ್ಯಾಕ್ ಬೆಚ್ಚಗಾಗಿತ್ತು. ಮುಚ್ಚಳ ತೆಗೆದಾಗ ಮೂಗಿಗೆ ಬಡಿದ ವಾಸನೆಯೇ ತೀರ್ಪು ಕೊಟ್ಟಿತು. ಒಳ್ಳೆಯ ಕ್ಯಾವಿಯರ್ ಮೀನಿನಂತೆ ನಾರುವುದಿಲ್ಲ. ಬೆಣ್ಣೆಯ, ಸಮುದ್ರದ ನೀರಿನ ನಸು ವಾಸನೆ ಇರುತ್ತದೆ, ಅಷ್ಟೆ. ಡಬ್ಬಿಯನ್ನು ಕಸಕ್ಕೆ ಹಾಕಿದೆ.

ಹಣ ಹೋದ ಸಿಟ್ಟಿನಲ್ಲಿ ಓದಲು ಕುಳಿತೆ. ಕ್ಯಾವಿಯರ್ ಎಂದರೆ ಸ್ಟರ್ಜನ್ ಮೀನಿನ ಉಪ್ಪು ಹಾಕಿದ ತತ್ತಿ. ಬೆಲುಗಾ ಅದರಲ್ಲೊಂದು ಜಾತಿ. ಹೆಣ್ಣು ಬೆಲುಗಾ ತತ್ತಿ ಕೊಡಲು ಹದಿನೈದು ವರ್ಷವಾದರೂ ಬೇಕು, ಅಷ್ಟು ಕಾಲ ಅದನ್ನು ಸಾಕಿದವರು ಅಗ್ಗಕ್ಕೆ ಮಾರುವುದಾದರೂ ಹೇಗೆ? ಸಾಕಣೆ ಕೊಳದ ಸೈಬೀರಿಯನ್ ಸ್ಟರ್ಜನ್‌ಗೆ ಅದರ ಅರ್ಧದಷ್ಟು ಕಾಲ ಸಾಕು. ಕಾಳು ಚಿಕ್ಕದು, ಬಣ್ಣ ಕಡು ಬೂದು, ರುಚಿಯಲ್ಲಿ ಬೆಣ್ಣೆಯಂಥ ಗುಣ ಉಂಟು. ನನ್ನ ಜೇಬಿಗೆ ಹೊಂದುವ ನಿಜವಾದ ಕ್ಯಾವಿಯರ್ ಇದು ಎಂದು ಆಗ ನಿಶ್ಚಯಿಸಿದೆ. ಸ್ಟರ್ಜನ್‌ನ ದೂರದ ನೆಂಟ ಅಮೆರಿಕದ ಪ್ಯಾಡಲ್‌ಫಿಶ್‌ನ ತತ್ತಿ ಇನ್ನೂ ಅಗ್ಗ, ಆದರೆ ಅದರ ಮಣ್ಣಿನ ವಾಸನೆ ನನಗೆ ಹಿಡಿಸಲಿಲ್ಲ.

ಓದಿನಿಂದ ಸಿಕ್ಕ ದೊಡ್ಡ ಲಾಭವೆಂದರೆ ಡಬ್ಬಿಯ ಚೀಟಿ ಓದುವ ವಿದ್ಯೆ. 1998ರಿಂದ ಎಲ್ಲ ಸ್ಟರ್ಜನ್‌ಗಳೂ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಗಾದಲ್ಲಿವೆ. ದೇಶದಿಂದ ದೇಶಕ್ಕೆ ಹೋಗುವ ಕ್ಯಾವಿಯರ್ ಡಬ್ಬಿಯ ಮೇಲೆ, ತೆರೆದರೆ ಹರಿದುಹೋಗುವಂಥ ಚೀಟಿ ಅಂಟಿಸಿರಬೇಕು. ಅದರಲ್ಲಿ ಮೊದಲ ಮೂರಕ್ಷರ ಮೀನಿನ ಜಾತಿ: ಬಿಎಇ ಎಂದರೆ ಸೈಬೀರಿಯನ್, ಜಿಯುಇ ಎಂದರೆ ಓಸೆಟ್ರಾ ಎಂಬ ಕ್ಯಾವಿಯರ್ ಕೊಡುವ ರಷ್ಯನ್ ಸ್ಟರ್ಜನ್, ಎಚ್‌ಯುಎಸ್ ಎಂದರೆ ಬೆಲುಗಾ. ಮುಂದಿನ ಅಕ್ಷರ ಸಿ ಆಗಿದ್ದರೆ ಸಾಕಿದ್ದು, ಡಬ್ಲ್ಯು ಆಗಿದ್ದರೆ ಕಾಡು ಮೀನು. ಆಮೇಲೆ ದೇಶದ ಎರಡಕ್ಷರ, ತತ್ತಿ ತೆಗೆದ ವರ್ಷ, ಡಬ್ಬಿ ತುಂಬಿದವರ ಸಂಕೇತ. 'ಇಂಪೀರಿಯಲ್', 'ರಾಯಲ್' ಎಂಬ ಬಿರುದುಗಳು ಮಾರುವವರು ತಾವೇ ಕೊಟ್ಟುಕೊಂಡವು. ನಾನು ಅವುಗಳಿಗೆ ಹಣ ಕೊಡುವುದಿಲ್ಲ. 'ಮಲೊಸೋಲ್' ಎಂಬ ಮಾತನ್ನು ಮಾತ್ರ ಗಮನಿಸುತ್ತೇನೆ, ರಷ್ಯನ್ ಭಾಷೆಯಲ್ಲಿ ಅದಕ್ಕೆ ಕಡಿಮೆ ಉಪ್ಪು ಎಂದರ್ಥ.

ಮೂರನೆಯ ವರ್ಷ ಲೆಕ್ಕ ಹಾಕಿಯೇ ಇಳಿದೆ. ನಾವು ಎಂಟು ಜನ. ತಲೆಗೆ 15 ಗ್ರಾಂ ಎಂದರೂ 120 ಗ್ರಾಂ ಬೇಕು, ಅದು ಆಗದ ಮಾತು. ಹಾಗಾಗಿ ಸೈಬೀರಿಯನ್ 50 ಗ್ರಾಂ ಮಾತ್ರ ತರಿಸಿದೆ, ಒಬ್ಬೊಬ್ಬರಿಗೆ ಒಂದು ಚಹಾ ಚಮಚದಷ್ಟು. ಹೊಟ್ಟೆಗೂ ಕಣ್ಣಿಗೂ ಬೇಕಾದ ಉಳಿದದ್ದನ್ನು ಮನೆಯಲ್ಲೇ ಮಾಡಲು ಹೊರಟೆ.

ಮೀನು ಮಾರುವವರಿಗೆ ಮೊದಲೇ ಹೇಳಿಟ್ಟು ಟ್ರೌಟ್ ಮೀನಿನ ತಾಜಾ ತತ್ತಿಯ ಚೀಲಗಳನ್ನು ತಂದೆ. ಸ್ವಚ್ಛ ಮಾಡಿದ ಮೇಲೆ ಸುಮಾರು 300 ಗ್ರಾಂ ಉಳಿಯಿತು. ಬೆಲೆ ಕಪ್ಪು ಡಬ್ಬಿಯ ಮುಂದೆ ಏನೂ ಅಲ್ಲ. ಪೊರೆಯಿಂದ ಕಾಳು ಬಿಡಿಸುವುದೇ ಇದರಲ್ಲಿ ದೊಡ್ಡ ಕೆಲಸ. ಕೈ ತಾಳುವಷ್ಟು ಬಿಸಿಯ, 40 ಡಿಗ್ರಿಯ ಆಸುಪಾಸಿನ ಉಪ್ಪುನೀರಿನಲ್ಲಿ ಚೀಲವನ್ನು ಬಿಚ್ಚಿ, ಅಗಲ ಕಣ್ಣಿನ ತಂತಿ ಜಾಲರಿಯ ಮೇಲೆ ಮೆಲ್ಲಗೆ ಉಜ್ಜಿದೆ. ಕಾಳು ಕೆಳಗೆ ಉದುರುತ್ತದೆ, ಪೊರೆ ಬಿಳಿಯ ಎಳೆಯಾಗಿ ಮೇಲೆ ಉಳಿಯುತ್ತದೆ. ಮತ್ತೆ ಮತ್ತೆ ನೀರು ಬದಲಿಸಿ ತೇಲುವ ಚೂರುಗಳನ್ನೆಲ್ಲ ಚೆಲ್ಲಿದೆ. ನಡುವೆ ಒಮ್ಮೆ ಉಪ್ಪು ಹಾಕಲು ಮರೆತು ಬರೀ ನೀರಿಗೆ ಸುರಿದುಬಿಟ್ಟೆ. ಕಣ್ಣೆದುರೇ ಕಿತ್ತಳೆ ಕಾಳುಗಳೆಲ್ಲ ಮಂಕಾಗಿ, ಬೆಂದ ಅಕ್ಕಿಯಂತೆ ಬೆಳ್ಳಗಾದವು. ಇಡೀ ತತ್ತಿ ಬೆಂದೇ ಹೋಯಿತೆಂದು ಎದೆ ಧಸಕ್ಕೆಂದಿತು. ಚೆಲ್ಲುವ ಮುನ್ನ ಒಂದು ಹಿಡಿ ಉಪ್ಪು ಸುರಿದು ನೋಡಿದೆ. ಕೆಲವೇ ನಿಮಿಷಗಳಲ್ಲಿ ಕಾಳುಗಳು ಮತ್ತೆ ತಿಳಿಯಾಗಿ ಹೊಳೆಯತೊಡಗಿದವು. ಈಗ ಪ್ರತಿ ಸಲವೂ ಆ ತಮಾಷೆ ನೋಡಲೆಂದೇ ಒಂದು ಬಟ್ಟಲನ್ನು ಬರೀ ನೀರಿಗೆ ಬಿಡುತ್ತೇನೆ.

ನೀರನ್ನು ಚೆನ್ನಾಗಿ ಬಸಿದು, 300 ಗ್ರಾಂ ಕಾಳಿಗೆ 8 ಗ್ರಾಂ ನುಣ್ಣನೆಯ ಉಪ್ಪು ಬೆರೆಸಿದೆ. ಅಯೋಡಿನ್ ಇಲ್ಲದ ಉಪ್ಪೇ ನನಗೆ ಇಷ್ಟ. ಹಸಿ ಮೀನಿನ ತತ್ತಿಯಲ್ಲಿ ಪರೋಪಜೀವಿ ಹುಳುಗಳು ಇರಬಹುದಾದ್ದರಿಂದ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟು, ಹಬ್ಬದ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಗೂಡಿಗೆ ಇಳಿಸಿದೆ. ಕಪ್ಪು ಡಬ್ಬಿಯನ್ನು ಮಾತ್ರ ಫ್ರೀಜರ್‌ಗೆ ಸೇರಿಸಬಾರದು, ಕಾಳು ಒಡೆದು ಗಂಜಿಯಾಗುತ್ತದೆ. ಅದನ್ನು ಹಬ್ಬಕ್ಕೆ ಎರಡು ದಿನ ಮೊದಲು ಬರುವಂತೆ ತರಿಸಿ, ಫ್ರಿಜ್ಜಿನ ಹಿಂಬದಿಯಲ್ಲಿ ಎರಡು ಐಸ್ ಪ್ಯಾಕ್‌ಗಳ ನಡುವೆ ಮಲಗಿಸಿದ್ದೆ. ಮುಚ್ಚಳ ತೆಗೆದ ಮೇಲೆ ಎರಡು ಮೂರು ದಿನದಲ್ಲಿ ಮುಗಿಸಬೇಕು. ನಮ್ಮಲ್ಲಿ ಅದು ಹತ್ತು ನಿಮಿಷವೂ ಉಳಿಯಲಿಲ್ಲ.

ಬಡಿಸುವಾಗ ಮುತ್ತಿನ ಚಿಪ್ಪಿನ ಚಮಚಕ್ಕೆ ಹಣ ಸುರಿಯಲಿಲ್ಲ. ಬೆಳ್ಳಿ ಚಮಚ ರುಚಿ ಕೆಡಿಸುತ್ತದೆ ಎಂಬುದು ನಿಜ, ಪ್ಲಾಸ್ಟಿಕ್ ಚಮಚಕ್ಕೆ ಆ ದೋಷವಿಲ್ಲ. ಮೊದಲು ಎಲ್ಲರ ಹೆಬ್ಬೆರಳಿನ ಬುಡದ ಮೇಲೆ ಸ್ವಲ್ಪ ಕಪ್ಪು ಇಟ್ಟು, ಬೇರೇನೂ ಇಲ್ಲದೆ ಸವಿಯಲು ಹೇಳಿದೆ. ಉಳಿದದ್ದು ಬೆಣ್ಣೆ ಸವರಿದ ಬೆಚ್ಚನೆಯ ಆಲೂಗಡ್ಡೆ ಬಿಲ್ಲೆಗಳ ಮೇಲೆ ಹೋಯಿತು. ಕಿತ್ತಳೆ ಕಾಳುಗಳನ್ನು ಬಟ್ಟಲಿನಲ್ಲಿ ತುಂಬಿ, ಪಕ್ಕದಲ್ಲಿ ಹುಳಿ ಕ್ರೀಮ್ ಇಟ್ಟು, ಬೇಕಾದಷ್ಟು ಹಾಕಿಕೊಳ್ಳಿ ಎಂದೆ. ಚಿಕ್ಕವರು ಕಾಳನ್ನು ಹಲ್ಲಿನ ನಡುವೆ ಪಟಪಟನೆ ಒಡೆಯುವ ಪಂದ್ಯ ಶುರುಮಾಡಿದರು.

ಈ ಸಲ ಕಪ್ಪನ್ನು 30 ಗ್ರಾಂಗೆ ಇಳಿಸಿದ್ದೇನೆ. ಆಲೂಗಡ್ಡೆ ಕಳೆದ ಬಾರಿ ಅರ್ಧದಲ್ಲೇ ಮುಗಿದಿತ್ತು, ಅದನ್ನು ಎರಡರಷ್ಟು ತರಬೇಕು.