ಅರ್ಧದಲ್ಲೇ ನಿಲ್ಲುತ್ತಿದ್ದ ವೈಪರ್: ನನ್ನ ಅನುಭವ

ನನ್ನದು ಹಳೆಯ ಅಂಬಾಸಿಡರ್. 12 ವೋಲ್ಟ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ಕಾರಿನ ಬಾಡಿಗೆ ಸೇರಿರುತ್ತದೆ, ಕರೆಂಟ್ ವಾಪಸ್ ಹೋಗುವ ಆ ದಾರಿಯೇ ಅರ್ತ್). ವೈಪರ್ ನಿಧಾನಕ್ಕೆ ಓಡಿ ಗಾಜಿನ ನಡುವೆ ನಿಲ್ಲುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಇನ್ನೂ ಜಾಸ್ತಿ ಸುಸ್ತು.

ಫ್ಯೂಸ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಬ್ಲೇಡಿಗೆ ಹೊಸ ರಬ್ಬರ್ ಹಾಕಿದೆ. ಪ್ರಯೋಜನ ಆಗಲಿಲ್ಲ. ಮೋಟಾರ್ ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟರೆ ಚೆನ್ನಾಗಿಯೇ ಓಡಿತು. ಸುಮ್ನೆ ಹೊಸ ಮೋಟಾರ್ ಕೊಳ್ಳಬೇಡಿ, ಮೊದಲು ಇದನ್ನು ನೋಡಿ.

ಮೋಟಾರನ್ನು ಮತ್ತೆ ಕೂರಿಸಿ, ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತಂತಿ ಮೋಟಾರಿನ ಮೈಗೆ. ಗಾಜಿಗೆ ನೀರು ಹಾಕಿ ವೈಪರ್ ಓಡಿಸಿ. ಅರ್ಧ ವೋಲ್ಟ್‌ಗಿಂತ ಕಡಿಮೆ ಬರಬೇಕು. ನನಗೆ ಬಂದಿದ್ದು 2.6. ಅಂದರೆ ಅರ್ತ್ ಸರಿಯಿಲ್ಲ. ಮೋಟಾರ್ ಕೂರುವುದು ರಬ್ಬರಿನ ಮೇಲೆ ಅಲ್ವಾ, ಹಾಗಾಗಿ ಕರೆಂಟ್ ವಾಪಸ್ ಹೋಗಲು ಅರ್ತ್ ತಂತಿಯೊಂದೇ ದಾರಿ. ಅದರ ತುದಿ ತುಕ್ಕು ಹಿಡಿದಿತ್ತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಅರ್ತ್ ತಂತಿಯ ಬೋಲ್ಟ್ ಬಾಡಿಗೆ ಕೂರುವ ಜಾಗದ ಪೇಂಟನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. 2.5 ಚದರ ಮಿಲಿಮೀಟರ್ ದಪ್ಪದ ಅರ್ತ್ ತಂತಿಗೆ ರಿಂಗ್ ಟರ್ಮಿನಲ್ (ಬೋಲ್ಟ್ ತೂರುವ ಉಂಗುರದ ತುದಿ) ಒತ್ತಿ, ಸ್ಟಾರ್ ವಾಷರ್ (ಹಲ್ಲಿರುವ ವಾಷರ್) ಸಮೇತ ಬಿಗಿ ಮಾಡಿ. ವ್ಯಾಸಲಿನ್ ಕೊನೆಗೆ ಮೇಲೆ ಸವರಿ, ಮೊದಲೇ ಬೇಡ. ಈಗ ಅದೇ ಅಳತೆ 0.1 ವೋಲ್ಟ್. ಹೆಡ್‌ಲೈಟ್ ಹಾಕಿದರೂ ವೇಗ ಇಳಿಯುವುದಿಲ್ಲ.