ಹಿಂದಿನ ಬೆಂಚಿಗೆ ಸರಿದ ಶ್ಯಾಡೋ ಟೀಚರ್: ನನ್ನ ಅನುಭವ

ಶ್ಯಾಡೋ ಟೀಚರ್, ಅಂದರೆ ವಿಶೇಷ ನೆರವು ಬೇಕಾದ ಒಂದು ಮಗುವಿಗೆಂದೇ ತರಗತಿಯಲ್ಲಿರುವ ಸಹಾಯಕ ಶಿಕ್ಷಕಿ, ಆ ಮಗುವಿನ ಮಗ್ಗುಲಲ್ಲೇ ಕೂತಿರಬೇಕು ಎಂಬ ಮಾತನ್ನು ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಕೆಲಸ ಮಾಡುವ ನಮ್ಮಂಥವರೆಲ್ಲ ಕೇಳಿಯೇ ಇರುತ್ತೇವೆ. ಏಳನೆಯ ತರಗತಿಯ ಒಬ್ಬ ಹುಡುಗನ ಮಗ್ಗುಲಲ್ಲಿ ಕೂರಲೆಂದು ನೇಮಕಗೊಂಡ ನಾನು ಸುಮಾರು ಒಂದೂವರೆ ವರ್ಷದಲ್ಲಿ ಮೊದಲು ಅವನ ಬೆನ್ನ ಹಿಂದಕ್ಕೆ, ಆಮೇಲೆ ಕೊನೆಯ ಬೆಂಚಿಗೆ, ಅಲ್ಲಿಂದ ಕಾರಿಡಾರಿಗೆ, ಈಗ ರಿಸೋರ್ಸ್ ರೂಮಿಗೆ (ಇಂಥ ಮಕ್ಕಳ ನೆರವಿಗೆಂದೇ ಶಾಲೆಯಲ್ಲಿರುವ ಕೋಣೆ) ಸರಿದಿದ್ದೇನೆ. ಹುಡುಗ ಎಂಟನೆಯ ತರಗತಿಯಲ್ಲಿ ತನ್ನ ಪಾಡಿಗೆ ತಾನು ನೋಟ್ಸ್ ಬರೆದುಕೊಳ್ಳುತ್ತಿದ್ದಾನೆ. ಇದು ಆಗದ ಕೆಲಸವೆಂದು ಖಚಿತವಾಗಿ ಹೇಳಿದ್ದವರು ಹಲವರಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ವಿದ್ಯಾರ್ಥಿಗಳಿಗೂ ಇದನ್ನೇ ಮಾಡಬಹುದೇ ಎಂದು ಕೇಳುತ್ತಿರುವುದರಿಂದ ಬರೆದಿಡುವುದು ಒಳ್ಳೆಯದೆನಿಸಿತು. ಲೆಕ್ಕಗಳನ್ನೆಲ್ಲ ನೆನಪಿನಿಂದ ಕೊಡುತ್ತಿದ್ದೇನೆ, ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಹುಡುಗನಿಗೆ ಆಟಿಸಂ ಇದೆ. ಐಎಸ್‌ಎಎ ಎಂಬ ಆಟಿಸಂ ಅಳೆಯುವ ಭಾರತೀಯ ಮಾಪನದಲ್ಲಿ ಅವನ ಅಂಕ 90ರಿಂದ 100ರ ನಡುವೆ ಇತ್ತು, ಅಂದರೆ ಸೌಮ್ಯ ವರ್ಗ. ಓದು ಚೆನ್ನಾಗಿತ್ತು, ಅಕ್ಷರ ದುಂಡಗಿತ್ತು, ಮೂರು ನಾಲ್ಕು ಪದಗಳ ವಾಕ್ಯಗಳಲ್ಲಿ ಮಾತನಾಡುತ್ತಿದ್ದ. ಹೀಗಿದ್ದೂ ತರಗತಿಯಲ್ಲಿ ಅವನು ಸ್ವಂತವಾಗಿ ಏನನ್ನೂ ಆರಂಭಿಸುತ್ತಿರಲಿಲ್ಲ. ನನಗಿಂತ ಮೊದಲು ಬಂದಿದ್ದ ಇಬ್ಬರು ಶ್ಯಾಡೋಗಳು ಮಾರ್ಜಿನ್ ಬಳಿ ತೋರುಬೆರಳನ್ನು ಇಟ್ಟು ಬರೆಸುವ ಅಭ್ಯಾಸ ಮಾಡಿಸಿದ್ದರು. ಬೆರಳು ಇದ್ದರೆ ಪೆನ್ನು ನಡೆಯುತ್ತಿತ್ತು, ಬೆರಳು ಎತ್ತಿದರೆ ನಿಲ್ಲುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಕನ್ನಡ ಪಾಠದ ನೋಟ್ಸ್ ಬರೆಯುವಾಗ ‘ವಿಜಯನಗರ’ ಎಂಬ ಪದದಲ್ಲಿ ‘ವಿಜಯ’ದವರೆಗೆ ಬಂದಾಗ ನಾನು ಕೈ ತೆಗೆದೆ, ಉಳಿದ ಮೂರು ಅಕ್ಷರಗಳಿಗೆ ಪೀರಿಯಡ್ ಮುಗಿಯುವವರೆಗೂ ಮೋಕ್ಷ ಸಿಗಲಿಲ್ಲ. ಅವನು ಪುಸ್ತಕ ನೋಡುತ್ತಿರಲಿಲ್ಲ, ಬೋರ್ಡನ್ನೂ ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದ. ಪ್ರಾಂಪ್ಟ್ ಅವಲಂಬನೆಯ, ಅಂದರೆ ಬೇರೆಯವರ ಸೂಚನೆ ಇಲ್ಲದೆ ಮುಂದುವರಿಯದಿರುವುದರ ಬಗ್ಗೆ ತರಬೇತಿಯಲ್ಲಿ ನಾವೆಲ್ಲ ಓದಿದ್ದೇವೆ, ಆದರೆ ಅದು ಬೆರಳತುದಿಯವರೆಗೆ ಬಂದು ಕೂತಿರುವುದನ್ನು ನಾನು ಕಂಡದ್ದು ಅಲ್ಲಿಯೇ.

ಪ್ರೈಮರಿಯಲ್ಲಾದರೆ ಒಬ್ಬ ಕ್ಲಾಸ್ ಟೀಚರನ್ನು ಒಲಿಸಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಆರನೆಯ ತರಗತಿಯಿಂದ ಮೇಲೆ ದಿನಕ್ಕೆ ಏಳೆಂಟು ಶಿಕ್ಷಕರು ಬಂದುಹೋಗುತ್ತಾರೆ, ಪ್ರತಿಯೊಬ್ಬರ ಧಾಟಿ ಬೇರೆ. ಒಬ್ಬರು ಡಿಕ್ಟೇಟ್ ಮಾಡುತ್ತಾರೆ, ಇನ್ನೊಬ್ಬರು ಬೋರ್ಡಿನಲ್ಲಿ ಬರೆದು ತಕ್ಷಣ ಅಳಿಸುತ್ತಾರೆ, ಮತ್ತೊಬ್ಬರು ಪ್ರೊಜೆಕ್ಟರ್ ಹಚ್ಚಿ ನಲವತ್ತು ನಿಮಿಷ ಕತ್ತಲು ಮಾಡುತ್ತಾರೆ. ಒಬ್ಬರ ಪೀರಿಯಡ್‌ನಲ್ಲಿ ಕಲಿತದ್ದು ಇನ್ನೊಬ್ಬರ ಪೀರಿಯಡ್‌ಗೆ ದಾಟುವುದಿಲ್ಲ. ಅದಲ್ಲದೆ ಹನ್ನೆರಡು ವರ್ಷದ ಹುಡುಗನ ಪಕ್ಕದಲ್ಲಿ ಮೂವತ್ತೆಂಟು ವರ್ಷದ ಹೆಂಗಸು ದಿನವಿಡೀ ಕೂತಿದ್ದರೆ ಅವನ ಜೊತೆ ಯಾವ ಸಹಪಾಠಿಯೂ ಬಂದು ಮಾತನಾಡುವುದಿಲ್ಲ.

ಮೊದಲ ಒಂದೆರಡು ತಿಂಗಳು ಹಣ ಸುರಿದದ್ದೇ ಬಂತು. ಚಿಕ್ಕಪೇಟೆಯಿಂದ ವೆಲ್ಕ್ರೋ, ಅವೆನ್ಯೂ ರಸ್ತೆಯಲ್ಲಿ ಲ್ಯಾಮಿನೇಷನ್, ಎಲ್ಲ ಸೇರಿ ಐದಾರು ನೂರು ರೂಪಾಯಿಗಳಲ್ಲಿ ಟೋಕನ್ ಬೋರ್ಡ್ (ಕೆಲಸ ಮಾಡಿದ್ದಕ್ಕೆ ಒಂದೊಂದು ನಕ್ಷತ್ರ ಅಂಟಿಸುವ ಹಲಗೆ) ತಯಾರಾಯಿತು. ನಕ್ಷತ್ರದ ಚಿತ್ರಗಳನ್ನು ಕಂಡು ಹಿಂದಿನ ಸಾಲಿನ ಹುಡುಗರು ನಕ್ಕರು, ಮರುದಿನ ಅವನೇ ಅದನ್ನು ಡೆಸ್ಕಿನ ಒಳಗೆ ತಳ್ಳಿ ಮುಚ್ಚಿದ. ನಗುವುದು ತನ್ನನ್ನು ನೋಡಿಯೇ ಎಂಬುದು ಅವನಿಗೆ ತಿಳಿಯುತ್ತದೆಂದು ಶಾಲೆಯಲ್ಲಿ ಯಾರೂ ಎಣಿಸಿರಲಿಲ್ಲ. ಬಳಿಕ ಕಂಪಿಸುವ ಕೈಗಡಿಯಾರ ತರಿಸಿದೆ, ಸುಮಾರು 1,800 ರೂಪಾಯಿ, ನನ್ನ ಕೈಯಿಂದಲೇ. ಐದು ನಿಮಿಷಕ್ಕೊಮ್ಮೆ ಕಂಪಿಸಿದಾಗ ಕೆಲಸಕ್ಕೆ ಮರಳಲಿ ಎಂಬುದು ಉದ್ದೇಶ. ಅವನು ಕಂಪನಕ್ಕಾಗಿ ಕಾಯುತ್ತ ಗಡಿಯಾರವನ್ನೇ ನೋಡುತ್ತ ಕೂತ. ನನ್ನ ಕೈಯ ಜಾಗಕ್ಕೆ ಗಡಿಯಾರ ಬಂದಿತ್ತು, ಅಷ್ಟೇ ವ್ಯತ್ಯಾಸ. ಈಗ ಅದು ನನ್ನ ಮಗಳ ಕೈಯಲ್ಲಿದೆ.

ಬಡ್ಡಿ (buddy), ಅಂದರೆ ಸಹಪಾಠಿಯನ್ನೇ ಜೊತೆಗಾರನಾಗಿ ಕೊಡುವ ವ್ಯವಸ್ಥೆಯ ಕಥೆ ಇನ್ನೂ ವಿಚಿತ್ರವಾಗಿತ್ತು. ಕ್ಲಾಸ್ ಟೀಚರ್ ತರಗತಿಯ ಅತ್ಯಂತ ಜವಾಬ್ದಾರಿಯುತ ಹುಡುಗಿಯನ್ನು ಅವನ ಪಕ್ಕಕ್ಕೆ ಕೂರಿಸಿದರು. ಅವಳು ಒಂದೇ ವಾರದಲ್ಲಿ ಅವನ ಬ್ಯಾಗು ತೆಗೆದು, ಪುಟ ತಿರುಗಿಸಿ, ಡೈರಿ ಬರೆದು ಕೊಡುವಷ್ಟು ಪಳಗಿದಳು. ಸಂಬಳವಿಲ್ಲದ ಎರಡನೆಯ ಶ್ಯಾಡೋ ಸಿದ್ಧವಾದಂತಾಯಿತು. ಅವಳನ್ನು ಬಿಡಿಸಿ, ಅಷ್ಟೇನೂ ಜವಾಬ್ದಾರಿಯಿಲ್ಲದ ಇಬ್ಬರು ಹುಡುಗರಿಗೆ ಒಂದೇ ಕೆಲಸ ವಹಿಸಿದೆ: ಲ್ಯಾಬಿಗೂ ಆಟದ ಮೈದಾನಕ್ಕೂ ಹೋಗುವಾಗ ‘ಬಾರೋ’ ಎಂದು ಒಂದು ಸಲ ಕರೆಯುವುದು, ಕೈ ಹಿಡಿಯದಿರುವುದು. ಇದು ಇಂದಿಗೂ ನಡೆಯುತ್ತಿದೆ. ಬಡ್ಡಿಯನ್ನು ಆರಿಸುವಾಗ ಮೊದಲ ರ‍್ಯಾಂಕಿನವರನ್ನು ಬಿಟ್ಟುಬಿಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ಕೆಲಸ ಮಾಡಿದ ವಿಧಾನಕ್ಕೆ ಇಪ್ಪತ್ತು ರೂಪಾಯಿಯೂ ಖರ್ಚಾಗಲಿಲ್ಲ. ಬುಕ್‌ಮಾರ್ಕ್‌ನಷ್ಟು ಅಗಲದ ರಟ್ಟಿನ ಪಟ್ಟಿಯಲ್ಲಿ ಪುಸ್ತಕ, ದಿನಾಂಕ, ಬೋರ್ಡು, ಬರೆ ಎಂದು ನಾಲ್ಕು ಹಂತಗಳನ್ನು ಚಿತ್ರವಿಲ್ಲದೆ ಬರೆದು, ಪ್ರತಿ ಹಂತಕ್ಕೂ ಮಡಚುವ ಮುಚ್ಚಳ ಮಾಡಿದೆ. ಒಂದು ಹಂತ ಮುಗಿದಾಗ ಅವನೇ ಮುಚ್ಚಳ ಮಡಚಬೇಕು. ಅವನು ಮರೆತು ನಿಂತರೆ ನಾನು ಬಾಯಿ ತೆರೆಯುವುದಿಲ್ಲ, ಪುಸ್ತಕ ಮುಟ್ಟುವುದಿಲ್ಲ, ಹಿಂದಿನಿಂದ ಪಟ್ಟಿಯನ್ನು ಮಾತ್ರ ಮುಟ್ಟುತ್ತೇನೆ. ಐದನೆಯ ಮುಚ್ಚಳವೂ ಒಂದಿತ್ತು. ಅದರ ಅಡಿಯಲ್ಲಿ ಏನು ಬರೆದಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹೊಟ್ಟೆಪಾಡಿನ ಗುಟ್ಟು ಎಂದು ತಿಳಿದು ಮನ್ನಿಸಬೇಕು.

ಆದರೆ ಪಟ್ಟಿ ಒಂದೇ ಸಾಕಾಗುತ್ತಿರಲಿಲ್ಲ, ಏಕೆಂದರೆ ಅದನ್ನು ಯಾವಾಗ ನೋಡಬೇಕು ಎಂದು ಹೇಳುವವರು ಬೇಕಲ್ಲ. ಅದಕ್ಕಾಗಿ ತರಗತಿಯಲ್ಲಿ ಸಹಜವಾಗಿ ಆಗುವ ಯಾವ ಸದ್ದನ್ನು ಹಿಡಿಯಬಹುದು ಎಂದು ಹುಡುಕಿದೆ. ಗಂಟೆಯನ್ನು ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಶಿಕ್ಷಕರು ಒಳಗೆ ಬಂದು, ಗುಡ್ ಮಾರ್ನಿಂಗ್ ಮುಗಿದು, ಮಕ್ಕಳು ಕೂತ ನಂತರ ಮೂವತ್ತೈದು ನಲವತ್ತು ಬ್ಯಾಗುಗಳ ಜಿಪ್ಪು ಒಟ್ಟಿಗೆ ‘ಜರ್’ ಎನ್ನುತ್ತವೆ. ಯಾವ ವಿಷಯದ ಪೀರಿಯಡ್ ಆದರೂ, ಯಾವ ಶಿಕ್ಷಕರು ಬಂದರೂ ಆ ಸದ್ದು ತಪ್ಪುವುದಿಲ್ಲ. ರಿಸೋರ್ಸ್ ರೂಮಿನಲ್ಲಿ ಖಾಲಿ ಬ್ಯಾಗಿನ ಜಿಪ್ಪು ಎಳೆದು ಪಟ್ಟಿ ತೆಗೆಯುವ ಅಭ್ಯಾಸವನ್ನು ಸುಮಾರು ಮೂರು ವಾರ ಮಾಡಿಸಿದೆ. ಆಮೇಲೆ ತರಗತಿಯಲ್ಲಿ ಜಿಪ್ಪಿನ ಸದ್ದು ಕೇಳಿದೊಡನೆ ಅವನ ಕೈ ಪಟ್ಟಿಯಿದ್ದ ಪೆನ್ಸಿಲ್ ಬಾಕ್ಸಿಗೆ ಹೋಗತೊಡಗಿತು. ಈ ಜಿಪ್ಪಿನ ಉಪಾಯವನ್ನು ನನಗೆ ಯಾರೂ ಕಲಿಸಿಕೊಟ್ಟಿಲ್ಲ, ಯಾವ ವರ್ಕ್‌ಶಾಪಿನಲ್ಲಿಯೂ ಕೇಳಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಕುರ್ಚಿಯನ್ನು ಸರಿಸುವುದು ಆರಂಭವಾಯಿತು. ಮೊದಲು ಅವನ ಎಡಭುಜದ ಹಿಂದೆ ಒಂದು ಗೇಣು, ಎರಡು ವಾರಗಳ ನಂತರ ಹಿಂದಿನ ಡೆಸ್ಕು, ಮತ್ತೆ ಒಂದು ತಿಂಗಳಿಗೆ ಕೊನೆಯ ಸಾಲು. ಪ್ರತಿ ಪೀರಿಯಡ್‌ನಲ್ಲಿ ನಾನು ಕೊಟ್ಟ ಪ್ರಾಂಪ್ಟ್‌ಗಳನ್ನು ಗೀಟು ಹಾಕಿ ಎಣಿಸುತ್ತಿದ್ದೆ. ಜೂನ್‌ನಲ್ಲಿ ಒಂದು ಪೀರಿಯಡ್‌ಗೆ ನಲವತ್ತರ ಮೇಲಿದ್ದದ್ದು ಸೆಪ್ಟೆಂಬರ್ ಕೊನೆಗೆ ಹತ್ತರ ಸಮೀಪ ಬಂದಿತ್ತು. ವಿಷಯವಾರು ಬೇರೆ ಬೇರೆ ಎಣಿಸಬೇಕು. ಒಟ್ಟು ಸರಾಸರಿ ತೆಗೆದರೆ ಗಣಿತದ ಸುಧಾರಣೆಯ ಹಿಂದೆ ಸಮಾಜದ ಪೀರಿಯಡ್‌ನ ಸೋಲು ಅಡಗಿಕೊಳ್ಳುತ್ತದೆ.

ನಾನು ಕೊನೆಯ ಬೆಂಚಿಗೆ ಹೋದಾಗಲೇ ಗದ್ದಲ ಶುರುವಾದದ್ದು. ‘ತಿಂಗಳಿಗೆ 22,000 ಕೊಡುವುದು ಹಿಂದೆ ಕೂತು ಗೀಟು ಹಾಕುವುದಕ್ಕಾ?’ ಎಂದು ತಾಯಿ ನೇರವಾಗಿ ಕೇಳಿದರು. ಕೋಆರ್ಡಿನೇಟರ್ ಸಿಸಿಟಿವಿಯಲ್ಲಿ ನನ್ನನ್ನು ಅವನಿಂದ ದೂರ ಕಂಡು ಕರೆಸಿ, ಅವನು ಎದ್ದು ಓಡಿದರೆ ಹೊಣೆ ಯಾರದು ಎಂದರು. ದಸರಾ ರಜೆ ಮುಗಿದು ಬಂದಾಗ ಪ್ರಾಂಪ್ಟ್‌ಗಳ ಸಂಖ್ಯೆ ಮತ್ತೆ ಇಪ್ಪತ್ತೈದನ್ನು ದಾಟಿದ್ದರಿಂದ ಎಲ್ಲರಿಗೂ ಬಾಯಿ ಬಂತು. ಆಗ ಕುರ್ಚಿಯನ್ನು ಮತ್ತೆ ಪಕ್ಕಕ್ಕೆ ತಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ನಾನು ಕುರ್ಚಿಯನ್ನು ಅಲ್ಲಿಯೇ ಬಿಟ್ಟು, ಬೆಳಿಗ್ಗೆ ತರಗತಿಗೆ ಮುಂಚೆ ಹದಿನೈದು ನಿಮಿಷ ಜಿಪ್ಪಿನ ಅಭ್ಯಾಸವನ್ನಷ್ಟೇ ಮರಳಿ ತಂದೆ, ಮತ್ತು ತಂದೆತಾಯಿಗೆ ನನ್ನ ಗೀಟುಗಳ ಹಾಳೆಯನ್ನು ಶುಕ್ರವಾರ ಶುಕ್ರವಾರ ವಾಟ್ಸಾಪ್‌ನಲ್ಲಿ ಕಳಿಸತೊಡಗಿದೆ. ಹಾಳೆಯ ಜೊತೆಗೆ ಅವನ ನೋಟ್‌ಬುಕ್ಕಿನ ಒಂದು ಪುಟದ ಫೋಟೋ, ಅಷ್ಟೇ. ಡಿಸೆಂಬರ್ ಹೊತ್ತಿಗೆ ಸಂಖ್ಯೆ ಮೂರು ನಾಲ್ಕಕ್ಕೆ ಇಳಿದಿತ್ತು, ವಾದವೂ ನಿಂತಿತ್ತು.

ಈ ನಡುವೆ ಒಂದೆರಡು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಹಿಂದೆ ನೋಡುತ್ತಿದ್ದ ಥೆರಪಿಸ್ಟ್ ಒಬ್ಬರು ಇಂಗ್ಲಿಷ್ ಒಂದೇ ಬಳಸಿ, ಎರಡು ಭಾಷೆಯಿಂದ ಗೊಂದಲವಾಗುತ್ತದೆ ಎಂದು ಹೇಳಿದ್ದರಂತೆ. ನಾನು ಒಂದು ವಾರ ಪಿಸುಮಾತಿನ ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಕೊಟ್ಟು ನೋಡಿದೆ. ‘ಓಪನ್ ಯುವರ್ ಬುಕ್’ಗೆ ಎರಡು ಸಲ ಹೇಳಬೇಕಾದಲ್ಲಿ ‘ಪುಸ್ತಕ ತೆಗಿ’ ಎಂಬುದಕ್ಕೆ ಒಂದೇ ಸಲ ಸಾಕಾಗುತ್ತಿತ್ತು. ಪಟ್ಟಿಯನ್ನು ಕನ್ನಡದಲ್ಲಿ ಬರೆದದ್ದು ಇದರಿಂದಲೇ. ಗಣಿತಕ್ಕೆ ಗೆರೆಯ ಪುಸ್ತಕದ ಬದಲು ದೊಡ್ಡ ಚೌಕದ ಪುಸ್ತಕ ಕೊಟ್ಟದ್ದು ಇನ್ನೊಂದು ಪ್ರಯೋಗ. ಸಮೀಕರಣ ಬಿಡಿಸುವಾಗ ಸಮ ಚಿಹ್ನೆಗಳೆಲ್ಲ ಒಂದೇ ಕಂಬದಲ್ಲಿ ನಿಂತವು, ಹಂತ ತಪ್ಪುವುದು ಬಹುಮಟ್ಟಿಗೆ ನಿಂತಿತು. ಅಸೆಂಬ್ಲಿಗೆ ಹೆಡ್‌ಫೋನ್ ಹಾಕಿಸಿದ್ದು ಮಾತ್ರ ಪ್ರಯೋಜನಕ್ಕೆ ಬರಲಿಲ್ಲ, ಬಿಗಿಯಾಗುತ್ತದೆಂದು ಕಿತ್ತೆಸೆಯುತ್ತಿದ್ದ.

ಇನ್ನು ಹಣದ ವಿಚಾರ. ನಮ್ಮ ಕಸುಬಿನಲ್ಲಿ ಕೆಲಸ ಚೆನ್ನಾಗಿ ಮಾಡಿದವಳಿಗೇ ಕೆಲಸ ಹೋಗುತ್ತದೆ. ಶ್ಯಾಡೋಗಳು ಪಕ್ಕ ಬಿಟ್ಟು ಏಳದಿರುವುದಕ್ಕೆ ಇದೇ ನಿಜವಾದ ಕಾರಣವೆಂದು ನನ್ನ ಅಭಿಪ್ರಾಯ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ನಮ್ಮಲ್ಲಿ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್. ಮಾಡಿದವರಿಗೆ ಸಿಗುತ್ತದೆಯೇ ಹೊರತು ಶ್ಯಾಡೋ ಟೀಚರ್ ಎಂಬ ಹುದ್ದೆಗಲ್ಲ, ಆದ್ದರಿಂದ ಸಂಬಳ ಸಂಪೂರ್ಣವಾಗಿ ಮನೆಯವರ ಮತ್ತು ನಮ್ಮ ನಡುವಿನ ಮಾತು. ಮೊದಲು ನಾನು ಒಂದು ಏಜೆನ್ಸಿಯ ಮೂಲಕ ಹೋಗುತ್ತಿದ್ದಾಗ ಅವರು ಐದನೆಯ ಒಂದು ಪಾಲು ಮುರಿದುಕೊಳ್ಳುತ್ತಿದ್ದರು, ಏಪ್ರಿಲ್ ಮೇ ತಿಂಗಳಿಗೆ ಬಿಡಿಗಾಸೂ ಇರಲಿಲ್ಲ. ಬಸ್ ಪಾಸಿಗೆ ತಿಂಗಳಿಗೆ ಸಾವಿರ ಚಿಲ್ಲರೆ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದೊಂದು ಉಳಿಯಿತು. ಈ ಮನೆಯವರೊಂದಿಗೆ ನೇರವಾಗಿ ಮಾತಾಡಿ, ನಾನು ತರಗತಿಯಲ್ಲಿ ಇರುವ ಗಂಟೆಗಳು ಕಡಿಮೆಯಾದರೂ ಮಾರ್ಚ್‌ವರೆಗೆ ಸಂಬಳ ಇಳಿಸಬಾರದು ಎಂದು ಕಾಗದದಲ್ಲಿ ಬರೆಸಿಕೊಂಡಿದ್ದೆ. ಎಂಟನೆಯ ತರಗತಿ ಆರಂಭವಾದಾಗ ಅವರಿಗೆ 14,000ಕ್ಕೆ ಇಳಿಸಿ, ಅದೇ ಶಾಲೆಯ ಆರನೆಯ ತರಗತಿಯ ಒಬ್ಬ ಹುಡುಗಿಯನ್ನು ಅಷ್ಟೇ ಮೊತ್ತಕ್ಕೆ ತೆಗೆದುಕೊಂಡೆ. ಅವರಿಗೆ ಎಂಟು ಸಾವಿರ ಉಳಿಯಿತು, ನನಗೆ ಆರು ಸಾವಿರ ಹೆಚ್ಚಾಯಿತು. ಇಬ್ಬರು ಮಕ್ಕಳನ್ನು ಏಕಕಾಲಕ್ಕೆ ನೋಡಿಕೊಳ್ಳಲು ಶಾಲೆಯ ಆಡಳಿತ ಒಪ್ಪುವಂತೆ ಮಾಡಿದ್ದು ಹೇಗೆಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಸಿಬಿಎಸ್‌ಇ ನೋಂದಣಿ ಬರುವುದರಿಂದ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ ಎಂದು ಈಗಲೇ ತಂದೆಯ ಬೆನ್ನು ಹತ್ತಿದ್ದೇನೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಪೂರ್ತಿ ಗಂಟೆ ಅವನಿಗೆ ಸಿಗುತ್ತದೆ. ಎರಡು ಭಾಷೆಗಳ ಬದಲು ಒಂದನ್ನೇ ಆರಿಸಿಕೊಳ್ಳಲೂ ಅವಕಾಶವಿದೆ. ‘ಸೌಮ್ಯ ಎಂದು ಹೇಳಿ ಪ್ರಮಾಣಪತ್ರದಲ್ಲಿ ಶೇ. 60 ಎಂದು ಬರೆಯುತ್ತಾರಲ್ಲ’ ಎಂಬುದು ಅವರ ಸಂಕಟ. ಅವನ ಅಂಕಕ್ಕೆ ಬರುವುದು ಅಷ್ಟೇ ಎಂದೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕೆಂದೂ ಎಷ್ಟು ಸಲ ವಿವರಿಸಿದರೂ ಕಡತ ಮುಂದೆ ಹೋಗಿಲ್ಲ.

ಆರನೆಯ ತರಗತಿಯ ಹುಡುಗಿಗೆ ಓದು ಬರುವುದಿಲ್ಲವಾದ್ದರಿಂದ ರಟ್ಟಿನ ಪಟ್ಟಿ ಅವಳಿಗೆ ಆಗಲಿಲ್ಲ. ಪೆನ್ಸಿಲ್, ಸ್ಕೇಲು, ಪುಸ್ತಕಗಳನ್ನೇ ಡೆಸ್ಕಿನ ಮೇಲೆ ಎಡದಿಂದ ಬಲಕ್ಕೆ ಜೋಡಿಸಿ ಅದನ್ನೇ ಹಂತಗಳಾಗಿ ಮಾಡಿದ್ದೇನೆ, ಜಿಪ್ಪಿನ ಸದ್ದು ಇಬ್ಬರಿಗೂ ಒಂದೇ. ಅವಳ ಕುರ್ಚಿಯಿಂದ ಸದ್ಯಕ್ಕೆ ಒಂದು ಗೇಣಷ್ಟೇ ಹಿಂದಿದ್ದೇನೆ. ಹುಡುಗನ ವಿಷಯದಲ್ಲಿ ಉಳಿದಿರುವುದು ವಿಜ್ಞಾನದ ಲ್ಯಾಬ್ ಮಾತ್ರ. ಅಲ್ಲಿ ಸ್ಪಿರಿಟ್ ದೀಪ ಉರಿಯುತ್ತಿರುವಷ್ಟು ಹೊತ್ತು ನಾನು ಅವನ ಮಗ್ಗುಲು ಬಿಟ್ಟು ಕದಲುವುದಿಲ್ಲ ಎಂದು ಕೋಆರ್ಡಿನೇಟರ್‌ಗೆ ಬರೆದು ಕೊಟ್ಟಿದ್ದೇನೆ. ಈಗ ಅವರೇ, ಅಲ್ಲಿಂದಲೂ ಎದ್ದೇಳಬಹುದಲ್ಲ ಎನ್ನುತ್ತಿದ್ದಾರೆ.